ಬೆನ್ನು ಸೀಳಿದ ಕೋಟು

ರೋಲಾ ಎಂದರೆ ಆಲದ ಮರವಂತೆ.
ನಾನು ಶಾರ್ಜಾದಲ್ಲಿ ಇಳಿಯುವ ಹೊತ್ತಿಗೆ
ಮರ ಬಿದ್ದು ಐದು ವರ್ಷ. ಹೆಸರೊಂದು ನಿಂತಿತ್ತು,
ಆ ಹೆಸರಿನ ನೆರಳಿಗೆ ಶುಕ್ರವಾರ ಸಂಜೆ
ಗಂಡಸರು ಬಂದು ಸುಮ್ಮನೆ ನಿಲ್ಲುತ್ತಿದ್ದರು
ಊರ ಕಡೆಯವರು ಯಾರಾದರೂ ಸಿಕ್ಕಾರೆಂದು.

ನನಗೆ ಇಪ್ಪತ್ತೊಂದು. ಮೀಸೆ ಇನ್ನೂ ಮನಸ್ಸು ಮಾಡಿರಲಿಲ್ಲ.
ಲಾಲ್ವಾನಿ ಸೇಠರ ಸ್ಟುಡಿಯೊದ ಕತ್ತಲೆಕೋಣೆ:
ಕೆಂಪು ಬಲ್ಬು, ಮೂರು ತಟ್ಟೆ, ಹೈಪೋ ವಾಸನೆ,
ಎಷ್ಟು ತಿಕ್ಕಿದರೂ ಬೆರಳ ತುದಿ
ಗೇರುಸೊನೆ ತಾಗಿದ ಹಾಗೆ ಕಂದು.
ಗಲ್ಫಿಗೆ ಹೋಗಿ ಬೆಳ್ಳಗಾಗಿ ಬಂದವನು
ನಾನೊಬ್ಬನೇ ಇರಬೇಕು.

ಮೊಳೆಯಲ್ಲಿ ಒಂದು ಕೋಟು.
ಗಾಢ ನೀಲಿ. ಸೇಠರ ತಮ್ಮನ ಮದುವೆಗೆ
ಬೊಂಬಾಯಿಯಲ್ಲಿ ಹೊಲಿಸಿದ್ದು.
ಎಲ್ಲ ಅಳತೆಗೂ ಒದಗಲೆಂದು ಅದರ ಬೆನ್ನನ್ನು
ಕಾಲರಿನಿಂದ ಕೆಳತನಕ ಸೀಳಿದ್ದರು.
ದಪ್ಪಗಿದ್ದವನಿಗೆ ಹಾಗೇ ಬಿಡುವುದು,
ಸಪೂರದವನಿಗೆ ಹಿಂದಿನಿಂದ ನಾಲ್ಕು ಬಟ್ಟೆಕ್ಲಿಪ್ಪು.
ಟೈಯೂ ಒಂದೇ, ಇಲಾಸ್ಟಿಕ್ಕಿನದು.
"ಉಸಿರು ಹಿಡಿಯಿರಿ, ತಿರುಗಬೇಡಿ"
ಎನ್ನುವುದು ನನ್ನ ಕೆಲಸ.

ಯಾರೆಲ್ಲ ತೊಟ್ಟರು ಅದನ್ನು!
ಹೋಟೆಲಿನ ಹಿಂದೆ ನೀರುಳ್ಳಿ ಸುಲಿಯುತ್ತಿದ್ದ ಬೊನಿಫಾಸ್,
ಐಸ್ ಪ್ಲಾಂಟಿನ ಸಾಧು ಕೋಟ್ಯಾನ್,
ಮೇಲೆ ಕಂಪೆನಿ ಮ್ಯಾನೇಜರು, ಕೆಳಗೆ ಲುಂಗಿ.
ಕ್ಯಾಮರಾ ಎದೆಯ ತನಕ ಮಾತ್ರ ನೋಡುತ್ತಿತ್ತು.
ಆ ಪಟಗಳು ವಿಮಾನ ಹತ್ತಿ ಊರಿಗೆ ಹೋದವು,
ನಾವು ಹೋಗುವುದಕ್ಕೆ ಎಷ್ಟೋ ಮೊದಲು.

ನನ್ನ ಮೇಲಿನ ಮಂಚದಲ್ಲಿ ಪುತ್ತುಬಾವ.
ಮೊದಲು ಬಸ್ಸಿನ ಕಂಡಕ್ಟರ್; ನಿದ್ದೆಯಲ್ಲಿ ಕೂಗುತ್ತಿದ್ದ,
"ತೊಕ್ಕೊಟ್ಟು, ಕುತ್ತಾರು, ದೇರಳಕಟ್ಟೆ, ಮುಡಿಪು..."
ಕೆಲವು ರಾತ್ರಿ ಮುಡಿಪು ತನಕ ಹೋಗುವ ಮೊದಲೇ ಗೊರಕೆ.
ಆಗ ಉಳಿದ ಸ್ಟಾಪುಗಳನ್ನು ನಾನೇ ಮನಸ್ಸಿನಲ್ಲಿ ಕೂಗಿ ಮುಗಿಸಿ
ಮಗ್ಗುಲಾಗುತ್ತಿದ್ದೆ.

ಎಂಬತ್ತೈದರ ಆಗಸ್ಟಿನಲ್ಲಿ
ಆರನೇ ಮಾಳಿಗೆಯ ಅಟ್ಟಣಿಗೆಯಿಂದ ಜಾರಿದ.
ರೂಮಿನವರು ಕೌಂಟರಿಗೆ ಬಂದು ನಿಂತರು,
ದಿರ್ಹಮ್ ನೋಟುಗಳನ್ನು ಒಟ್ಟು ಮಾಡಿ ಹಿಡಿದು:
"ಅವನ ಉಮ್ಮನಿಗೆ ಕಳಿಸಲಿಕ್ಕೆ. ದೊಡ್ಡದು ಮಾಡು."
ನೆಗೆಟಿವ್ ಹುಡುಕಿದೆ.
ತಟ್ಟೆಯ ನೀರಿನಲ್ಲಿ ಕಪ್ಪು ಮೊದಲು ಮೂಡುತ್ತದೆ:
ಕೋಟು ಬಂತು, ಕೂದಲು ಬಂತು, ಹುಬ್ಬು ಬಂತು,
ಮುಖ ತಡ ಮಾಡಿತು.
ಅತ್ತೆನೋ ಇಲ್ಲವೋ ನೆನಪಿಲ್ಲ.
ಗಡಿಯಾರ ನೋಡಿದ್ದು ನೆನಪಿದೆ, ತೊಂಬತ್ತು ಸೆಕೆಂಡು.

ಮರುದಿನ ಅದೇ ಕೋಟಿಗೆ
ಪೆಶಾವರದ ಡ್ರೈವರೊಬ್ಬ ಕೈ ತೂರಿಸಿದ.
ತಿರುಗಬೇಡಿ ಎಂದೆ.
ಆ ಮಂಚಕ್ಕೆ ಆಮೇಲೆ ಯಾರ್ಯಾರೋ ಬಂದರು.
ಬಸ್ಸು ಮಾತ್ರ ಹೊರಡಲಿಲ್ಲ.

ಎಂಬತ್ತೇಳರಲ್ಲಿ ನಾನೂ ತೊಟ್ಟೆ. ಮೂರು ಕ್ಲಿಪ್ಪು ಸಾಕಾಯಿತು.
ಆ ಪಟ ನೋಡಿ ಒಪ್ಪಿದ ವಾರಿಜ
ಇವತ್ತಿಗೂ ಒಮ್ಮೊಮ್ಮೆ ಕೇಳುತ್ತಾಳೆ:
"ಆ ನೀಲಿ ಕೋಟು ಏನು ಮಾಡಿದಿರಿ?
ಯಾರಿಗೋ ಕೊಟ್ಟಿರಬೇಕು, ನಿಮ್ಮ ಕೈಯೇ ಹಾಗೆ."
ಕೊಟ್ಟೆ, ಎನ್ನುತ್ತೇನೆ.
ಪೂರ್ತಿ ಸುಳ್ಳಲ್ಲ.

ಮೊನ್ನೆ ವೀಸಾ ರದ್ದತಿಯ ಕಾಗದ ಹಿಡಿದು
ಬೇಕೆಂದೇ ಆ ದಾರಿಯಲ್ಲಿ ಬಂದೆ.
ಸ್ಟುಡಿಯೊ ಇದ್ದಲ್ಲಿ ಮೊಬೈಲ್ ಕವರುಗಳ ಅಂಗಡಿ,
ಕತ್ತಲೆಕೋಣೆಯಿದ್ದ ಕಡೆ ಟ್ಯೂಬ್‌ಲೈಟು, ಒಂದಲ್ಲ, ಆರು.
ಚೌಕದಲ್ಲಿ ಒಬ್ಬ ಹುಡುಗ ತನ್ನ ಫೋನು ಚಾಚಿದ,
ಯಾವ ಊರೋ, ಮೀಸೆ ಈಗಷ್ಟೇ:
"ಅಂಕಲ್, ಏಕ್ ಫೋಟೊ."

ನಿಂತ. ಕಾಲರು ಸರಿ ಮಾಡಿಕೊಂಡ.
ಹಳೇ ಚಾಳಿ, ನನ್ನ ಬಾಯಿಯಿಂದ ಕನ್ನಡದಲ್ಲೇ ಬಂತು:
"ತಿರುಗಬೇಡ."
ಅವನಿಗೆ ಏನು ಕೇಳಿಸಿತೋ, ತಿರುಗಿಬಿಟ್ಟ.
ಅಂಗಿಯ ಬೆನ್ನಿನ ತುಂಬ ಬೆವರು ಒಣಗಿ
ಬಿಳಿ ಉಪ್ಪಿನ ಗೆರೆ, ಅಲೆ ಹಿಂದೆ ಸರಿದ ಹಾಗೆ.
ಅದನ್ನೂ ಒಂದು ತೆಗೆದೆ.